ಇದ್ದೂ ಸಿಗದ ಪುಸ್ತಕ

ವಿಜಯವಾಡದ ಬೆಂಜ್ ಸರ್ಕಲ್ ಎರಡು ರಾಷ್ಟ್ರೀಯ ಹೆದ್ದಾರಿಗಳು ಒಂದನ್ನೊಂದು ಹಾಯುವ ಸ್ಥಳ. ಒಂದು ಚೆನ್ನೈಯಿಂದ ಕೋಲ್ಕತ್ತದ ಕಡೆಗೆ ಸಾಗುವ 16ನೆಯ ಹೆದ್ದಾರಿ. ಇನ್ನೊಂದು ಪುಣೆಯಿಂದ ಹೊರಟು ಸೊಲ್ಲಾಪುರ, ಹೈದರಾಬಾದುಗಳನ್ನು ದಾಟಿ ಮಚಲೀಪಟ್ಟಣದ ಕಡಲನ್ನು ಸೇರುವ 65ನೆಯ ಹೆದ್ದಾರಿ. ಈ ಎರಡನೆಯದು ದಾರಿಯಲ್ಲಿ ಸ್ವಲ್ಪ ದೂರ ಬೀದರ್ ಜಿಲ್ಲೆಯ ಹುಮನಾಬಾದನ್ನು ಹಾಯ್ದು ಬರುತ್ತದೆಂಬುದು ಇಲ್ಲಿನ ಕನ್ನಡಿಗರಿಗೆ ಒಂದು ಸಣ್ಣ ಸಮಾಧಾನ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಇದೇ ಡಾಂಬರಿನ ಮೇಲೆ ಹಿಂದಕ್ಕೆ ಹೋದರೆ ಕನ್ನಡದ ಫಲಕಗಳು ಕಾಣುತ್ತವೆ ಎಂದುಕೊಳ್ಳುವುದು ನನಗೆ ಅಭ್ಯಾಸವಾಗಿಹೋಗಿದೆ.

ಈ ವೃತ್ತಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ನಮ್ಮ ಗೆಳೆಯರೊಬ್ಬರ ಮನೆಯ ಮೊದಲ ಮಹಡಿಯಲ್ಲಿ, ನಾಲ್ಕು ಕಪಾಟುಗಳ ಕನ್ನಡ ಪುಸ್ತಕಗಳಿವೆ. ವರ್ಗಾವಣೆಯಾಗಿ ಹೋದವರು ಬಿಟ್ಟದ್ದು, ರಜೆಗೆ ಊರಿಗೆ ಹೋದವರು ತಂದದ್ದು, ತೀರಿಕೊಂಡ ಹಿರಿಯರ ಮನೆಯಿಂದ ಬಂದದ್ದು, ಹೀಗೆ ಒಟ್ಟುಗೂಡಿದ ಸುಮಾರು ಮೂರು ಸಾವಿರದ ಎಂಟುನೂರು ಪುಸ್ತಕಗಳು. ಇವುಗಳ ಪಟ್ಟಿ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ, ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯದ ಒಂದೇ ಒಂದು ಕಡತದಲ್ಲಿದೆ. ಕಳೆದ ವರ್ಷ ನಮ್ಮನ್ನಗಲಿದ ಹಿರಿಯರೊಬ್ಬರ ಮಗಳು ದೂರದ ಊರಿನಿಂದ ಕರೆಮಾಡಿ, ತಂದೆಯವರು ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದಿದ್ದ ತೇಜಸ್ವಿಯವರ 'ಕರ್ವಾಲೊ' ನಿಮ್ಮಲ್ಲಿದೆಯೇ ಎಂದು ಕೇಳಿದರು. ನಾನೇ ಹುಡುಕಿದೆ. ಯಂತ್ರ ಇಲ್ಲವೆಂದಿತು. ನಾನೂ ಇಲ್ಲವೆಂದೆ. ಆಕೆ ಮರುಮಾತಾಡದೆ ಕರೆಯನ್ನು ಮುಗಿಸಿದರು.

ಮೂರು ತಿಂಗಳ ಬಳಿಕ ಬೇರೊಬ್ಬರು ತೇಜಸ್ವಿಯವರ ಪುಸ್ತಕಗಳನ್ನೆಲ್ಲ ಪಟ್ಟಿಮಾಡಿ ಕೊಡಿ ಎಂದರು. ಲೇಖಕರ ಹೆಸರಿನಿಂದ ಹುಡುಕಿದಾಗ ಆ ಪಟ್ಟಿಯ ನಡುವೆ 'ಕರ್ವಾಲೊ' ತಣ್ಣಗೆ ಕುಳಿತಿತ್ತು. ಎರಡನೆಯ ಕಪಾಟು, ಮೂರನೆಯ ಅರೆ. ಹೋಗಿ ತೆಗೆದರೆ ಪೆನ್ಸಿಲಿನ ಟಿಪ್ಪಣಿಗಳೂ ಇದ್ದವು. 1980ರಲ್ಲಿ ಹೊರಬಂದ ಆ ಕಾದಂಬರಿ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕುವ ಕಥೆ; ಕಣ್ಣೆದುರಿಗೆ ಬಂದದ್ದೂ ಕೊನೆಗೆ ಕೈಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಆ ಹೋಲಿಕೆಯನ್ನು ಸವಿಯುವ ಮನಸ್ಸಿರಲಿಲ್ಲ. ಇರುವುದನ್ನು ಇಲ್ಲವೆಂದು ಯಂತ್ರ ಹೇಳಿದ್ದೇಕೆ ಎಂದು ಬೆನ್ನುಹತ್ತಿ ಹೋದಾಗ ತಿಳಿದ ಕೆಲವು ಚಾರಿತ್ರಿಕ ಸಂಗತಿಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಈ ದತ್ತಸಂಚಯದ ಹುಟ್ಟೇ ಒಂದು 'ಸಿಗಲಿಲ್ಲ' ಎಂಬ ಸಂದೇಶದಿಂದ ಆದದ್ದು. 2000ನೆಯ ಇಸವಿಯ ವಸಂತದಲ್ಲಿ ಅಮೆರಿಕದ ಡಿ. ರಿಚರ್ಡ್ ಹಿಪ್ ಎಂಬ ಗಣಕತಜ್ಞರು ಆ ದೇಶದ ನೌಕಾಪಡೆಯ 'ಆಸ್ಕರ್ ಆಸ್ಟಿನ್' ಎಂಬ ಕ್ಷಿಪಣಿನೌಕೆಗಾಗಿ, ಜನರಲ್ ಡೈನಮಿಕ್ಸ್ ಸಂಸ್ಥೆಯ ಗುತ್ತಿಗೆಯಲ್ಲಿ, ಒಂದು ತಂತ್ರಾಂಶವನ್ನು ಬರೆಯುತ್ತಿದ್ದರು. ನೌಕೆಗೆ ಪೆಟ್ಟು ಬಿದ್ದಾಗ ಯಾವ ಕೊಳವೆಯ ಯಾವ ಕವಾಟವನ್ನು ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂಬುದನ್ನು ಸೂಚಿಸುವ ಕೆಲಸ ಅದರದು. ಮಾಹಿತಿಯೆಲ್ಲ ಇನ್‌ಫಾರ್ಮಿಕ್ಸ್ ಎಂಬ ದೊಡ್ಡ ದತ್ತಸಂಚಯದಲ್ಲಿತ್ತು. ಅದನ್ನು ನೋಡಿಕೊಳ್ಳಲು ಪ್ರತ್ಯೇಕವಾದ ಒಂದು ಸರ್ವರ್ ಬೇಕು. ಆ ಸರ್ವರ್ ಆಗಾಗ ಸ್ಥಗಿತಗೊಳ್ಳುತ್ತಿತ್ತು. ಆಗ ಹಿಪ್ ಅವರ ತಂತ್ರಾಂಶವು ದತ್ತಸಂಚಯದೊಂದಿಗೆ ಸಂಪರ್ಕ ಸಾಧ್ಯವಾಗಲಿಲ್ಲವೆಂದು ತೋರಿಸುತ್ತಿತ್ತು. ದೂರುಗಳು ಬರುತ್ತಿದ್ದದ್ದು ಮಾತ್ರ ಸರ್ವರಿನ ಮೇಲಲ್ಲ, ಸಂದೇಶ ತೋರಿಸಿದವರ ಮೇಲೆ. ಬೇಕಾದ ಅಂಕಿಅಂಶಗಳನ್ನು ನಡುವೆ ಯಾರ ಅಪ್ಪಣೆಯೂ ಇಲ್ಲದೆ ನೇರವಾಗಿ ತಟ್ಟೆಯಿಂದ ಓದಬಾರದೇಕೆ ಎಂಬ ಪ್ರಶ್ನೆ ಹುಟ್ಟಿದ್ದು ಆಗ. ಎಸ್‌ಕ್ಯೂಲೈಟಿನ ಮೊದಲ ಆವೃತ್ತಿ ಹೊರಬಂದದ್ದು 2000ದ ಆಗಸ್ಟ್ 17ರಂದು. ಆ ನೌಕೆ ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು ಅದಾದ ಎರಡೇ ದಿನಕ್ಕೆ, ಆಗಸ್ಟ್ 19ರಂದು.

ಈ ತಂತ್ರಾಂಶದ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ. ಹಿಪ್ ಅದನ್ನು ಸಾರ್ವಜನಿಕ ಸೊತ್ತಾಗಿಸಿದರು. ಹೆಸರನ್ನು ಅವರು ಉಚ್ಚರಿಸುವುದು ಗ್ರಾನೈಟ್, ಗ್ರ್ಯಾಫೈಟ್ ಎಂಬ ಕಲ್ಲುಗಳ ಹೆಸರಿನಂತೆ, ಎಸ್-ಕ್ಯೂ-ಎಲ್-ಐಟ್ ಎಂದು. ಇಂದು ಅದು ನಿಮ್ಮ ಕೈಯಲ್ಲಿರುವ ಫೋನಿನೊಳಗೆ ಒಂದಲ್ಲ, ಹತ್ತಾರು ಕಡೆ ಇದೆ: ಸಂಪರ್ಕಗಳ ಪಟ್ಟಿ, ಸಂದೇಶಗಳು, ಬ್ರೌಸರಿನ ಚರಿತ್ರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೀರ್ಘಕಾಲ ಕಾಪಿಡಬೇಕಾದ ದತ್ತಾಂಶಗಳಿಗೆ ಶಿಫಾರಸು ಮಾಡುವ ಸ್ವರೂಪಗಳಲ್ಲಿ ಇದೂ ಒಂದು. ಸರ್ವರಿಲ್ಲ, ಗುಪ್ತಪದವಿಲ್ಲ, ನಿರ್ವಾಹಕನಿಲ್ಲ; ಒಂದು ಕಡತ, ಅಷ್ಟೆ. ಹೊರನಾಡಿನ ಸಣ್ಣ ಬಳಗಕ್ಕೆ ಇದಕ್ಕಿಂತ ತಕ್ಕ ಪೆಟ್ಟಿಗೆ ಇನ್ನೊಂದಿಲ್ಲ. ಆದರೆ ನಿರ್ವಾಹಕನಿಲ್ಲ ಎಂಬುದರ ಅರ್ಥ, ತೊಂದರೆಯಾದಾಗ ನೋಡಬೇಕಾದವರು ನಾವೇ ಎಂದು.

ನಮ್ಮ ಮೊದಲ ತೊಂದರೆ ಶೋಧದ್ದಲ್ಲ, ನಿಧಾನದ್ದು. ಪಟ್ಟಿಯನ್ನು ತೆರೆದರೆ ಪ್ರತಿ ಪುಸ್ತಕದ ಎದುರಿಗೂ ಅದು ಈಗ ಯಾರ ಬಳಿ ಇದೆ ಎಂಬುದು ಕಾಣಬೇಕೆಂದು ನಾವೇ ಆಸೆಪಟ್ಟು ಬರೆಸಿಕೊಂಡ ಪ್ರಶ್ನೆ ಅದು. ತೆರೆದಾಗಲೆಲ್ಲ ಒಂದು ಲೋಟ ಕಾಫಿಯ ಮೊದಲ ಗುಟುಕು ಮುಗಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಎಸ್‌ಕ್ಯೂಲೈಟಿನಲ್ಲಿ ಒಂದು ಒಳ್ಳೆಯ ಸೌಕರ್ಯವಿದೆ: ಯಾವುದೇ ಪ್ರಶ್ನೆಯ ಮುಂದೆ 'ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್' ಎಂದು ಸೇರಿಸಿದರೆ, ಉತ್ತರದ ಬದಲು ಆ ಉತ್ತರವನ್ನು ತಾನು ಹೇಗೆ ಹುಡುಕಲಿದ್ದೇನೆ ಎಂಬುದನ್ನು ಅದು ಹೇಳುತ್ತದೆ. ಆ ಹೇಳಿಕೆಯಲ್ಲಿ ಗಮನಿಸಬೇಕಾದ ಪದಗಳು ಎರಡು. 'ಸ್ಕ್ಯಾನ್' ಎಂದಿದ್ದರೆ ಮೊದಲಿನಿಂದ ಕೊನೆಯವರೆಗೆ ಪ್ರತಿ ಸಾಲನ್ನೂ ಓದುತ್ತೇನೆ ಎಂದು. 'ಸರ್ಚ್' ಎಂದಿದ್ದರೆ ಸೂಚಿಯನ್ನು ನೋಡಿ ನೇರವಾಗಿ ಅಲ್ಲಿಗೇ ಹೋಗುತ್ತೇನೆ ಎಂದು. ನಮ್ಮ ಪ್ರಶ್ನೆಗೆ ಎರಡು ಕಡೆಯೂ 'ಸ್ಕ್ಯಾನ್' ಎಂಬ ಉತ್ತರ ಬಂತು. ಅಂದರೆ ಮೂರು ಸಾವಿರದ ಎಂಟುನೂರು ಪುಸ್ತಕಗಳಲ್ಲಿ ಒಂದೊಂದಕ್ಕೂ ಒಂಬತ್ತು ಸಾವಿರ ಸಾಲುಗಳ ಎರವಲು ವಹಿಯನ್ನು ಯಂತ್ರವು ಪೂರ್ತಿ ತಿರುವಿಹಾಕುತ್ತಿತ್ತು. ಗುಣಿಸಿದರೆ ಮೂರೂವರೆ ಕೋಟಿ ಹತ್ತಿರದ ನೋಟಗಳು. ವಹಿಗೆ ಪುಸ್ತಕಸಂಖ್ಯೆಯ ಮೇಲೆ ಒಂದು ಸೂಚಿ ಕಟ್ಟಿದ್ದೇ ತಡ, ಕಾಯುವ ಕೆಲಸ ತಪ್ಪಿತು.

ಸ್ಕ್ಯಾನಿಗೂ ಸರ್ಚಿಗೂ ಇರುವ ಈ ಅಂತರ ಗಣಕಗಳಿಗಿಂತ ಬಹಳ ಹಳೆಯದು. 'ಅಮರಕೋಶ'ವನ್ನು ನೆನೆಯಿರಿ. ಅದರಲ್ಲಿ ಪದಗಳಿರುವುದು ಅಕ್ಷರಾನುಕ್ರಮದಲ್ಲಲ್ಲ. ಸ್ವರ್ಗ, ಪಾತಾಳ, ಭೂಮಿ, ವನೌಷಧಿ ಎಂದು ವಿಷಯಾನುಸಾರವಾದ ವರ್ಗಗಳಲ್ಲಿ. ನಮ್ಮ ಇಮ್ಮಡಿ ನಾಗವರ್ಮನ 'ಅಭಿಧಾನ ವಸ್ತುಕೋಶ'ವೂ ಪದ್ಯದಲ್ಲಿ ಬರೆದ, ಕಂಠಪಾಠಕ್ಕೆ ಒದಗುವ ಬಗೆಯದು. ಕಂಠಸ್ಥವಾದ ಕೋಶಕ್ಕೆ ಸೂಚಿಯ ಅಗತ್ಯವಿಲ್ಲ. ಬೇಕಾದ ಪದ ಎಲ್ಲಿದೆಯೆಂದು ತಿಳಿಯದಿದ್ದರೆ ಪದ್ಯಗಳನ್ನು ಮೊದಲಿನಿಂದ ಹೇಳಿಕೊಂಡು ಬಂದರಾಯಿತು. ಸ್ಮೃತಿಯಲ್ಲಿ ಅದೇನೂ ನಿಧಾನವಲ್ಲ. ಪುಸ್ತಕವು ನೆನಪಿನಿಂದ ಹೊರಬಿದ್ದು ಮೇಜಿನ ಮೇಲೆ ಬಂದಾಗ ಮಾತ್ರ ಅಕ್ಷರಾನುಕ್ರಮ ಅನಿವಾರ್ಯವಾಗುತ್ತದೆ. ಮದರಾಸಿನಲ್ಲಿ ಸಿ.ಪಿ. ಬ್ರೌನ್ ಅವರ ತೆಲುಗು ನಿಘಂಟು ಅಚ್ಚಾದದ್ದು 1852ರಲ್ಲಿ; ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ. ಕಿಟ್ಟೆಲ್ ಕೋಶದಲ್ಲಿ ಒಂದು ಪದಕ್ಕೆ ಹೋಗುವಾಗ ನಾವು ಮಾಡುವುದೇನು? ನಡುವೆ ಎಲ್ಲೋ ತೆರೆಯುತ್ತೇವೆ; ಪುಟದ ನೆತ್ತಿಯ ಪದ ನೋಡಿ ಹಿಂದಕ್ಕೋ ಮುಂದಕ್ಕೋ ಹಾರುತ್ತೇವೆ; ನಾಲ್ಕೈದು ಹಾರಿಕೆಗಳಲ್ಲಿ ಜಾಗ ಸಿಗುತ್ತದೆ. 1970ರ ಸುಮಾರಿಗೆ ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡಾಲ್ಫ್ ಬಾಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿದ 'ಬಿ-ಟ್ರೀ' ಎಂಬ ರಚನೆ ಇದೇ ಹಾರಿಕೆಯನ್ನು ಕ್ರಮಬದ್ಧಗೊಳಿಸಿದ್ದು. ಎಸ್‌ಕ್ಯೂಲೈಟಿನ ಒಳಗೆ 2001ರಿಂದ ಇರುವುದೂ ಅದೇ.

ಆದರೆ ನೆತ್ತಿಯ ಪದ ನೋಡಿ ಹಾರುವ ಉಪಾಯ ಸಾಗುವುದು ಒಂದೇ ಒಂದು ನಂಬಿಕೆಯ ಮೇಲೆ: ಕೋಶ ಕಟ್ಟಿದವರೂ ಹುಡುಕುವವರೂ ಒಂದೇ ಅನುಕ್ರಮವನ್ನು ಒಪ್ಪಿರಬೇಕು, ಒಂದು ಪದವನ್ನು ಒಂದೇ ಬಗೆಯಲ್ಲಿ ಬರೆದಿರಬೇಕು. ನಮ್ಮ 'ಕರ್ವಾಲೊ' ಕಳೆದುಹೋದದ್ದು ಅಲ್ಲಿ. ಅಲ್ಲಿಗೆ ಬರುವ ಮೊದಲು ಬರವಣಿಗೆಯ ನಿಧಾನದ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಈ ಪೆಟ್ಟಿಗೆಯನ್ನು ಬಳಸುವವರೆಲ್ಲ ಎಡವುವ ಕಲ್ಲು ಅದು.

ಹಳೆಯ ಪಟ್ಟಿಯನ್ನು ಇದಕ್ಕೆ ತುಂಬಿಸಿದಾಗ ಪ್ರತಿ ಪುಸ್ತಕವನ್ನೂ ಪ್ರತ್ಯೇಕವಾಗಿ ಬರೆಸಿದ್ದೆವು. ಗಣಕ ಗಡಗಡ ಸದ್ದು ಮಾಡುತ್ತ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಹೆಣಗಿತು. ಕಾರಣ ಭೌತಿಕವಾದದ್ದು. ಎಸ್‌ಕ್ಯೂಲೈಟ್ ಪ್ರತಿಯೊಂದು ವ್ಯವಹಾರ ಮುಗಿದಾಗಲೂ ಅದು ನಿಜವಾಗಿ ತಟ್ಟೆಯ ಮೇಲೆ ಕೂತಿತೇ ಎಂದು ಖಾತ್ರಿ ಮಾಡಿಕೊಂಡೇ ಮುಂದಿನದಕ್ಕೆ ಹೋಗುತ್ತದೆ. ವಿದ್ಯುತ್ತು ಹೋದರೂ ಬರೆದದ್ದು ಉಳಿಯಬೇಕು ಎಂಬ ವ್ರತ ಅದರದು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಒಂದು ವ್ಯವಹಾರಕ್ಕೆ ಎರಡು ಸುತ್ತು ಬೇಕಾದರೆ ಸೆಕೆಂಡಿಗೆ ಅರವತ್ತೇ ವ್ಯವಹಾರ. ಅದೇ ಸಾವಿರಾರು ಬರಹಗಳನ್ನು ಒಂದೇ ವ್ಯವಹಾರದೊಳಗೆ ಕಟ್ಟಿ ಒಪ್ಪಿಸಿದರೆ, ಖಾತ್ರಿ ಒಮ್ಮೆ ಮಾತ್ರ; ಕೆಲಸ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ದೊಡ್ಡವರೂ ಇಲ್ಲಿ ಎಡವಿದ್ದಾರೆ. 2008ರಲ್ಲಿ ಬಂದ ಫೈರ್‌ಫಾಕ್ಸ್ 3 ತನ್ನ ಚರಿತ್ರೆ ಮತ್ತು ಪುಟಗುರುತುಗಳನ್ನು ಎಸ್‌ಕ್ಯೂಲೈಟಿಗೆ ಒಪ್ಪಿಸಿತ್ತು. ಆಗಿನ ಲಿನಕ್ಸ್ ಗಣಕಗಳ ಎಕ್ಸ್ಟ್-3 ಎಂಬ ಕಡತವ್ಯವಸ್ಥೆಯಲ್ಲಿ ಒಂದು ಕಡತದ ಖಾತ್ರಿಯನ್ನು ಕೇಳಿದರೆ ಇಡೀ ತಟ್ಟೆಯ ಬಾಕಿ ಬರಹವೆಲ್ಲ ಒಟ್ಟಿಗೆ ಇಳಿಯುತ್ತಿತ್ತು. ಬೇರೇನಾದರೂ ದೊಡ್ಡ ಕಡತ ನಕಲಾಗುತ್ತಿರುವಾಗ ಬ್ರೌಸರಿನಲ್ಲಿ ಒಂದು ಕೊಂಡಿ ಒತ್ತಿದರೆ ಪರದೆ ಹಲವು ಸೆಕೆಂಡು ಹೆಪ್ಪುಗಟ್ಟುತ್ತಿತ್ತು. ದೋಷ ದತ್ತಸಂಚಯದ್ದೋ, ಕಡತವ್ಯವಸ್ಥೆಯದ್ದೋ, ಬ್ರೌಸರಿನದ್ದೋ ಎಂದು ಬಹಳ ದಿನ ವಾದ ನಡೆಯಿತು. ನನ್ನ ಮಟ್ಟಿಗೆ ಮೂರೂ ತಂತಮ್ಮ ಮಾತಿಗೆ ನಿಷ್ಠವಾಗಿದ್ದವು. ಆ ಮಾತುಗಳು ಒಂದರೊಡನೊಂದು ಹೊಂದಿಕೊಳ್ಳಲಿಲ್ಲ.

ಇನ್ನೊಂದು ಕಲ್ಲು ಬೀಗದ್ದು. ಭಾನುವಾರಗಳಂದು ನಾವಿಬ್ಬರು ಒಂದೇ ಗಣಕದಲ್ಲಿ ಎರಡು ಕಿಟಕಿ ತೆರೆದು, ಒಬ್ಬರು ಎರವಲು ಬರೆಯುತ್ತ, ಒಬ್ಬರು ಹೊಸ ಪುಸ್ತಕ ಸೇರಿಸುತ್ತ ಕೂತರೆ 'ಡೇಟಾಬೇಸ್ ಈಸ್ ಲಾಕ್ಡ್' ಎಂದು ಎದುರಾಗುತ್ತಿತ್ತು. ಎಸ್‌ಕ್ಯೂಲೈಟಿನಲ್ಲಿ ಒಂದು ಕಾಲಕ್ಕೆ ಬರೆಯುವವರು ಒಬ್ಬರೇ. ಹಳೆಯ ಕ್ರಮದಲ್ಲಿ ಆ ಬರಹ ತಟ್ಟೆಗೆ ಇಳಿಯುವಾಗ ಓದುವವರೂ ನಿಲ್ಲಬೇಕಾಗಿತ್ತು. 2010ರ ಜುಲೈಯಲ್ಲಿ ಬಂದ 3.7.0 ಆವೃತ್ತಿಯಲ್ಲಿ 'ರೈಟ್-ಅಹೆಡ್ ಲಾಗ್' ಎಂಬ ವ್ಯವಸ್ಥೆ ಸೇರಿತು: ಹೊಸ ಬರಹ ಪಕ್ಕದ ಇನ್ನೊಂದು ಕಡತಕ್ಕೆ ಹೋಗುತ್ತದೆ, ಓದುವವರು ಮೂಲದಲ್ಲಿ ತಮ್ಮ ಪಾಡಿಗೆ ಓದುತ್ತಿರುತ್ತಾರೆ. ಬೆಂಜ್ ಸರ್ಕಲಿನಲ್ಲಿ ಮೇಲ್ಸೇತುವೆ ಬಂದಾಗ ಆದದ್ದೂ ಇಂಥದೇ. ಅದಕ್ಕೆ ಮುಂಚೆ ಕೋಲ್ಕತ್ತದ ಲಾರಿಯೂ ಬಂದರ್ ರಸ್ತೆಯ ಆಟೋವೂ ಒಂದೇ ಸಿಗ್ನಲ್ಲಿಗೆ ಕಾಯುತ್ತಿದ್ದವು. ಈಗ ಹೆದ್ದಾರಿಯ ವಾಹನಗಳು ಮೇಲೆ, ನಾವು ಕೆಳಗೆ. ಹೋಲಿಕೆ ಒಂದು ಮಿತಿಯವರೆಗೆ ಸರಿ. ಬರೆಯುವವರ ಪಾಲಿಗೆ ಕೆಳಗಿನ ಸಿಗ್ನಲ್ ಹಾಗೆಯೇ ಇದೆ, ಒಬ್ಬರಾದ ಮೇಲೆ ಒಬ್ಬರು. ಇಷ್ಟು ಹೊತ್ತು ಕಾದು ನೋಡು ಎಂದು ಮೊದಲೇ ಹೇಳಿಟ್ಟರೆ ಯಂತ್ರ ಮುನಿಸಿಕೊಳ್ಳದೆ ಕಾಯುತ್ತದೆ, ಅಷ್ಟೆ. ಈ ವ್ಯವಸ್ಥೆಯಲ್ಲಿ ನಮಗೊಂದು ಹೊಸ ಪೆಟ್ಟೂ ಬಿತ್ತು. ಒಮ್ಮೆ ಕೆಲಸ ನಡೆಯುತ್ತಿರುವಾಗಲೇ ಮೂಲ ಕಡತವೊಂದನ್ನು ಮಾತ್ರ ಪೆನ್‌ಡ್ರೈವಿಗೆ ನಕಲಿಸಿಕೊಂಡು ಹೋದೆವು. ಪಕ್ಕದ ಕಡತ ಹಿಂದೆಯೇ ಉಳಿಯಿತು. ಆ ಭಾನುವಾರದ ಬರಹವೆಲ್ಲ ಆ ನಕಲಿನಲ್ಲಿರಲಿಲ್ಲ.

ಈಗ 'ಕರ್ವಾಲೊ'. ಪಟ್ಟಿಯಲ್ಲಿ ಕಾಣುವ ಹೆಸರನ್ನೂ ನಾನು ಕೀಲಿಮಣೆಯಲ್ಲಿ ಬೆರಳಚ್ಚಿಸಿದ ಹೆಸರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡೂ ಸಮವೇ ಎಂದು ಯಂತ್ರವನ್ನು ಕೇಳಿದರೆ ಸೊನ್ನೆ, ಅಂದರೆ ಅಲ್ಲ. ಎರಡರ ಉದ್ದವನ್ನು ಕೇಳಿದೆ. ನಾನು ಬರೆದದ್ದಕ್ಕೆ 7 ಎಂದಿತು, ಪಟ್ಟಿಯಲ್ಲಿದ್ದದ್ದಕ್ಕೆ 8. ಗುಟ್ಟು ಅಲ್ಲಿತ್ತು.

ಯೂನಿಕೋಡಿನಲ್ಲಿ 'ಒ'ಕಾರದ ಚಿಹ್ನೆಗೆ 3274 ಎಂಬ ಒಂದು ಸಂಕೇತಸಂಖ್ಯೆ ಇದೆ. ಅದೇ ಚಿಹ್ನೆಯನ್ನು 'ಎ'ಕಾರ (3270) ಮತ್ತು 'ಊ'ಕಾರ (3266) ಎಂಬ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕೊಂಬು ಕೊಟ್ಟು ದೀರ್ಘ ಎಳೆದು ಲೇಖನಿಯಲ್ಲಿ ನಾವು ಬರೆಯುವುದೂ ಎರಡು ತುಂಡುಗಳಲ್ಲೇ ತಾನೆ? ಎರಡು ರೂಪಗಳೂ ಒಂದೇ ಎಂದು ಪರಿಗಣಿಸಬೇಕೆಂದು ಯೂನಿಕೋಡ್ ವಿಧಿಸಿದೆ. ಎಸ್‌ಕ್ಯೂಲೈಟ್ ಪರಿಗಣಿಸುವುದಿಲ್ಲ. ಅದು ಬೈಟುಗಳನ್ನು ನೋಡುತ್ತದೆ: ಒಂದರಲ್ಲಿ 21, ಇನ್ನೊಂದರಲ್ಲಿ 24. ನಮ್ಮ ಪಟ್ಟಿ ಯೂನಿಕೋಡಿಗೆ ಮುಂಚಿನ ಫಾಂಟೊಂದರಲ್ಲಿ, ಅಂದರೆ ಅಕ್ಷರಗಳನ್ನಲ್ಲ, ಅಕ್ಷರಗಳ ತುಂಡುಗಳನ್ನು ಕೂಡಿಸಿಡುವ ಕ್ರಮದಲ್ಲಿ, ವರ್ಷಗಳ ಹಿಂದೆ ಬೆರಳಚ್ಚಾಗಿದ್ದದ್ದು. ಪರಿವರ್ತಿಸುವಾಗ ಆ ತುಂಡುಗಳು ತುಂಡುಗಳಾಗಿಯೇ ದಾಟಿ ಬಂದಿದ್ದವು. ಹುಡುಕಿ ನೋಡಿದರೆ ಮುನ್ನೂರಕ್ಕೂ ಹೆಚ್ಚು ಶೀರ್ಷಿಕೆಗಳು ಹೀಗೆ ಒಡೆದು ಕೂತಿದ್ದವು. ಇನ್ನು ಕೆಲವೆಡೆ ಕಣ್ಣಿಗೆ ಕಾಣದ ಜೋಡಕಗಳು: ರಕಾರದ ಅರ್ಕಾವತ್ತನ್ನು ತಡೆಯಲು ಹಾಕುವ ಒಂದು, 'ಲ್ಯಾಪ್‌ಟಾಪ್' ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಇನ್ನೊಂದು. ಹಾಕಿದವರ ಪದ ಬೇರೆ, ಹಾಕದವರ ಪದ ಬೇರೆ.

ಇಷ್ಟು ಸಣ್ಣ ವಿವೇಕವನ್ನು ಯಂತ್ರಕ್ಕೆ ಕಲಿಸಿಲ್ಲವೇಕೆ? ಉತ್ತರ ಆ ನೌಕೆಯ ದಿನಗಳ ಸಂಕಲ್ಪದಲ್ಲೇ ಇದೆ: ಚಿಕ್ಕದಾಗಿರಬೇಕು. ಎಸ್‌ಕ್ಯೂಲೈಟಿನಲ್ಲಿ 'ಲೈಕ್' ಎಂದು ಕೇಳುವಾಗ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದಿರುವುದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಮಾತ್ರ. ಎಲ್ಲ ಲಿಪಿಗಳಿಗೂ ಆ ಸೌಕರ್ಯ ಕೊಡಲು ಬೇಕಾದ ಕೋಷ್ಟಕಗಳು ಇಡೀ ತಂತ್ರಾಂಶದ ಗಾತ್ರವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡುತ್ತವೆಂದು ಅದರ ಕರ್ತೃಗಳೇ ಬರೆದಿದ್ದಾರೆ. ಬೇಕಾದವರು ಐಸಿಯು ಎಂಬ ಹೊರಗಿನ ಭಾಷಾಗ್ರಂಥಾಲಯವನ್ನು ಜೋಡಿಸಿಕೊಳ್ಳಬಹುದು. ಈ ನಿರ್ಧಾರದಲ್ಲಿ ನನಗೆ ದುರುದ್ದೇಶವೇನೂ ಕಾಣುವುದಿಲ್ಲ. ಆದರೆ ಯಾವುದು ಒಳಗೆ, ಯಾವುದು ಜೋಡಣೆ ಎಂಬ ಗೆರೆ ಎಲ್ಲಿ ಬಿತ್ತೆಂಬುದನ್ನು ಗಮನಿಸದೆ ಇರಲಾರೆ.

ಪೂರ್ಣಪಠ್ಯ ಶೋಧದಲ್ಲಿ ಈ ಗೆರೆ ಇನ್ನೂ ಸ್ಪಷ್ಟ. 2015ರಲ್ಲಿ ಬಂದ ಎಫ್‌ಟಿಎಸ್-5 ಎಂಬ ಅಂಗವು ವಾಕ್ಯಗಳನ್ನು ಪದಗಳಾಗಿ ಬಿಡಿಸಿ ಸೂಚಿ ಕಟ್ಟುತ್ತದೆ. ಏನೂ ಹೇಳದಿದ್ದರೆ ಅದರ ಲೆಕ್ಕದಲ್ಲಿ ಪದವೆಂದರೆ ಅಕ್ಷರಗಳು ಮತ್ತು ಅಂಕಿಗಳು, ಉಳಿದದ್ದೆಲ್ಲ ಬೇಲಿ. ನಮ್ಮ ಗುಣಿತ ಚಿಹ್ನೆಗಳು ಯೂನಿಕೋಡಿನ ವರ್ಗೀಕರಣದಲ್ಲಿ 'ಅಕ್ಷರ'ಗಳಲ್ಲ, 'ಚಿಹ್ನೆ'ಗಳು. ಆದ್ದರಿಂದ 'ಕಾಲು' ಎಂಬುದು ಅದಕ್ಕೆ 'ಕ' ಮತ್ತು 'ಲ' ಎಂಬ ಎರಡು ಪದ, 'ಕೋಲು' ಕೂಡ ಅವೇ ಎರಡು, 'ಕೀಲಿ'ಯೂ ಅವೇ. ಕಾಲನ್ನು ಹುಡುಕಿದರೆ ಕೋಲೂ ಕೀಲಿಯೂ ಒಟ್ಟಿಗೆ ಬರುತ್ತವೆ. 'ಕನ್ನಡ' ಎಂಬುದು ವಿರಾಮದ ಬಳಿ ಮುರಿದು 'ಕನ' ಮತ್ತು 'ನಡ' ಆಗುತ್ತದೆ. ಚಿಹ್ನೆಗಳನ್ನೂ ಪದದ ಭಾಗವೆಂದು ಎಣಿಸು ಎಂದು ಒಂದು ಸಾಲಿನಲ್ಲಿ ಹೇಳಿಟ್ಟರೆ ಇದು ಸರಿಹೋಗುತ್ತದೆ. ಹೇಳಬೇಕೆಂದು ಗೊತ್ತಿರಬೇಕು.

ಅನುಕ್ರಮದ ಕಥೆ ಇದಕ್ಕಿಂತ ಹಳೆಯದು. ಅದು ನಮ್ಮ ದೇಶದಲ್ಲೇ ಆರಂಭವಾಗುತ್ತದೆ. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ಒಂದೇ ಸಂಕೇತಮಾಲೆಯನ್ನು ಕೊಡುವ 'ಇಸ್ಕಿ' ಎಂಬ ಭಾರತೀಯ ಮಾನಕವು 1988ರಲ್ಲಿ ರೂಪುಗೊಂಡು 1991ರಲ್ಲಿ ಸ್ಥಿರವಾಯಿತು. ಅದರಲ್ಲಿ ಎಲ್ಲ ಲಿಪಿಗಳ 'ಕ'ಕ್ಕೂ ಒಂದೇ ಸಂಖ್ಯೆ. ಯೂನಿಕೋಡ್ ಲಿಪಿಗಳನ್ನು ಬೇರ್ಪಡಿಸಿದರೂ ಆ ವಿನ್ಯಾಸವನ್ನು ಉಳಿಸಿಕೊಂಡು, ಒಂದೊಂದು ಲಿಪಿಗೂ 128 ಮನೆಗಳ ಒಂದೊಂದು ಕೇರಿಯನ್ನು ಸಾಲಾಗಿ ಕೊಟ್ಟಿತು. ತೆಲುಗಿನ 'ಕ' 3093ನೆಯ ಮನೆಯಲ್ಲಿ. ಕನ್ನಡದ 'ಕ' ಸರಿಯಾಗಿ 128 ಮನೆ ದಾಟಿ 3221ರಲ್ಲಿ. ನಾವು ಅಕ್ಕಪಕ್ಕದ ಕೇರಿಯವರು. ನಮ್ಮ ಪಟ್ಟಿಯಲ್ಲಿ ಇನ್ನೂರರಷ್ಟು ತೆಲುಗು ಪುಸ್ತಕಗಳೂ ಇವೆ. ಶೀರ್ಷಿಕೆಯ ಅನುಕ್ರಮ ಕೇಳಿದರೆ ತೆಲುಗೆಲ್ಲ ಮೊದಲು, ಕನ್ನಡವೆಲ್ಲ ಆಮೇಲೆ.

ಇಲ್ಲಿ ಒಂದು ಹಳೆಯ ಕಲ್ಲನ್ನು ನೆನೆಯದೆ ಮುಂದೆ ಹೋಗಲಾರೆ. ಇಂದಿನ ತೆಲಂಗಾಣದ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟದ ಬಂಡೆಯ ಮೇಲೆ, ಪಂಪನ ತಮ್ಮ ಜಿನವಲ್ಲಭ 10ನೆಯ ಶತಮಾನದಲ್ಲಿ ಕಡೆಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿದೆ. ಅವರ ಪೂರ್ವಿಕರು ವೆಂಗಿಯ ನಾಡಿನವರು. ಅಂದರೆ ನಾವೀಗ ಬಾಡಿಗೆಗಿರುವ ಕೃಷ್ಣಾತೀರದ ಈ ಸೀಮೆಯವರೇ. ಭಾಷೆ ಬದಲಾದಾಗ ಅಂದಿನ ಕಲ್ಲುಕುಟಿಗ ಲಿಪಿಯನ್ನು ಬದಲಿಸಬೇಕಾಗಿರಲಿಲ್ಲ; ತೆಲುಗು-ಕನ್ನಡಗಳಿಗೆ ಇದ್ದದ್ದು ಒಂದೇ ಲಿಪಿ. ಆ ಶಾಸನದ ಪಾಠವನ್ನು ಇಂದು ನಾನು ದತ್ತಸಂಚಯಕ್ಕೆ ಸೇರಿಸಬೇಕೆಂದರೆ ಯಾವ ಸಾಲು ಯಾವ ಕೇರಿಯದೆಂದು ಮೊದಲು ತೀರ್ಮಾನಿಸಬೇಕು.

ಕೇರಿಯೊಳಗಿನ ಮನೆಗಳ ಸರದಿಯೂ ನಮ್ಮ ವರ್ಣಮಾಲೆಯದಲ್ಲ. ಶಾಲೆಯಲ್ಲಿ ನಾವು ಕಲಿತದ್ದು 'ಯ ರ ಲ ವ ಶ ಷ ಸ ಹ ಳ', ಳಕಾರ ಕೊನೆಗೆ. ಸಂಕೇತಮಾಲೆಯಲ್ಲಿ ಅದು ಲಕಾರದ ಮಗ್ಗುಲಿಗೆ, 3251ರಲ್ಲಿ ಕುಳಿತಿದೆ. ವಕಾರ 3253, ಹಕಾರ 3257. ಹೀಗಾಗಿ ಎಸ್‌ಕ್ಯೂಲೈಟಿನ ಸಹಜ ಅನುಕ್ರಮದಲ್ಲಿ 'ಬಳೆ' ಮೊದಲು ಬಂದು 'ಬಸವ' ಆಮೇಲೆ ಬರುತ್ತಾನೆ. ನಿಘಂಟಿನಲ್ಲಿ ಇದು ತಿರುವುಮುರುವು. ಹಳಗನ್ನಡದ ೞಕಾರದ ಪಾಡು ಇನ್ನೂ ವಿಚಿತ್ರ. ಮಲಯಾಳದಲ್ಲಿ ಆ ಅಕ್ಷರವಿರುವ ಮನೆಗೆ ಸಮನಾದ ನಮ್ಮ 3252ನೆಯ ಮನೆ ಇಂದಿಗೂ ಖಾಲಿ. ನಮ್ಮ ೞ ಇರುವುದು ಗುಣಿತ ಚಿಹ್ನೆಗಳನ್ನೆಲ್ಲ ದಾಟಿ, ದೂರದ 3294ರಲ್ಲಿ. ದೇವನಾಗರಿಯ ಕೇರಿಯಲ್ಲಿ ಅದೇ ಮನೆಯಲ್ಲಿರುವುದು ನುಕ್ತೆಯ 'ಫ'. ಹಾಗಾಗಿ ಯೂನಿಕೋಡಿನ ಅಧಿಕೃತ ಪಟ್ಟಿಯಲ್ಲಿ ಪಂಪನ ೞಕಾರದ ಹೆಸರು 'ಕನ್ನಡ ಅಕ್ಷರ ಫ'. ತಪ್ಪೆಂದು ಅವರೇ ಅಡಿಟಿಪ್ಪಣಿಯಲ್ಲಿ ಒಪ್ಪಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಅಲ್ಲಿನ ನಿಯಮ. ತೆಲುಗಿನ ಇದೇ ಅಕ್ಷರ ತಡವಾಗಿ, 2014ರಲ್ಲಿ ಸೇರಿತು. ಸರಿಯಾದ ಮನೆಯಲ್ಲಿ, ಸರಿಯಾದ ಹೆಸರಿನಲ್ಲಿ. ತಡವಾದದ್ದೇ ಒಳ್ಳೆಯದಾಯಿತೋ ಏನೋ.

2004ರ 3.0 ಆವೃತ್ತಿಯಿಂದ ಎಸ್‌ಕ್ಯೂಲೈಟಿಗೆ ನಮ್ಮದೇ ಅನುಕ್ರಮವನ್ನು ಬರೆದುಕೊಡುವ ಅವಕಾಶವಿದೆ. ನಮ್ಮ ಬಳಗದ ತರುಣರೊಬ್ಬರು ಸುಮಾರು ನಲವತ್ತು ಸಾಲುಗಳಲ್ಲಿ ವರ್ಣಮಾಲೆಯ ಸರದಿಯನ್ನು ಬರೆದುಕೊಟ್ಟರು. ಈಗ ಬಸವನ ಹಿಂದೆ ಬಳೆ. ಅದಕ್ಕೊಂದು ಬೆಲೆಯೂ ಇದೆ: ಆ ಅನುಕ್ರಮದಲ್ಲಿ ಕಟ್ಟಿದ ಸೂಚಿಯಿರುವ ಕಡತವನ್ನು ಆ ನಲವತ್ತು ಸಾಲುಗಳಿಲ್ಲದ ಗಣಕದಲ್ಲಿ ತೆರೆದು ಹುಡುಕಿದರೆ, ಇಂಥ ಅನುಕ್ರಮ ತನಗೆ ಗೊತ್ತಿಲ್ಲವೆಂದು ಅದು ಕೈಚೆಲ್ಲುತ್ತದೆ. ಆದ್ದರಿಂದ ಶೀರ್ಷಿಕೆಯ ಮೂಲ ಅಂಕಣವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಶೋಧಕ್ಕೆಂದೇ ಇನ್ನೊಂದು ಅಂಕಣ ಸೇರಿಸಿದ್ದೇವೆ. ಅದರಲ್ಲಿ ಒಡೆದ ಚಿಹ್ನೆಗಳನ್ನು ಕೂಡಿಸಿ, ಕಾಣದ ಜೋಡಕಗಳನ್ನು ತೆಗೆದು, ಒಂದೇ ರೂಪಕ್ಕೆ ತಂದು ಇಡುತ್ತೇವೆ. ಹುಡುಕುವವರು ಬರೆದದ್ದನ್ನೂ ಅದೇ ಜರಡಿಯಲ್ಲಿ ಸೋಸಿ ಆಮೇಲೆ ಕೇಳುತ್ತೇವೆ. ಈ ಅಂಕಣಕ್ಕೆ ಸೂಚಿಯೂ ಇದೆ. 'ಎಕ್ಸ್‌ಪ್ಲೇನ್' ಕೇಳಿದರೆ 'ಸರ್ಚ್' ಎನ್ನುತ್ತದೆ.

ಎಲ್ಲ ಮುಗಿದ ಮೇಲೆ ಮತ್ತೊಮ್ಮೆ 'ಕರ್ವಾಲೊ' ಎಂದು ಹುಡುಕಿದೆ. ಬಂತು. ಉದ್ದ ಕೇಳಿದೆ, 7. ಮರುದಿನ ಆ ಹಿರಿಯರ ಮಗಳಿಗೆ ಕರೆಮಾಡಿ ನಡೆದದ್ದನ್ನು ಹೇಳಿದೆ. ಚಿಹ್ನೆ, ಸಂಕೇತಸಂಖ್ಯೆಗಳ ವಿವರಕ್ಕೆ ಹೋಗಲಿಲ್ಲ. ಪುಸ್ತಕ ಇತ್ತು, ನಾನು ಸರಿಯಾಗಿ ಹುಡುಕಲಿಲ್ಲ ಎಂದಷ್ಟೇ ಹೇಳಿದೆ. ಅಂಚೆಯಲ್ಲಿ ಕಳುಹಿಸುವ ಮೊದಲು ಅಂಚಿನ ಟಿಪ್ಪಣಿಗಳಿರುವ ಪುಟಗಳ ಚಿತ್ರ ತೆಗೆದಿಟ್ಟುಕೊಳ್ಳಲು ಆಕೆಯೇ ಒಪ್ಪಿಗೆ ಕೊಟ್ಟರು. ಪಟ್ಟಿಯಿಂದ ಆ ಸಾಲನ್ನು ನಾವು ಅಳಿಸಿಲ್ಲ. ಕಪಾಟು ಎಂಬಲ್ಲಿ ಈಗ ಏನೂ ಇಲ್ಲ, ಷರಾ ಎಂಬಲ್ಲಿ 'ಮನೆಗೆ ಕಳುಹಿಸಿದೆ' ಎಂದಿದೆ.